ನಾದಿನಿಯ ಧಾಬಳಿ

ಉಬ್ಬಸದ ಹೆಂಗಸು ಎಂದರೆ ಮೂಲೆಯಲ್ಲಿ ಕೂತು ಮೆಲ್ಲಗೆ ನರಳುವವಳು ಎಂದು ಯಾರು ತೀರ್ಮಾನ ಮಾಡಿದರೋ ನಾ ಕಾಣೆ. ನಾನಂತೂ ಉಸಿರು ಇದ್ದಷ್ಟು ಹೊತ್ತೂ ಜೋರಾಗಿಯೇ ಮಾತಾಡಿದವಳು. ಉಸಿರು ಸಿಗದಾಗ ಕೈಸನ್ನೆಯಲ್ಲಿ ಕೆಲಸ ಹೇಳಿದ್ದೇನೆ, ಕಣ್ಣಲ್ಲೇ ಬೈದಿದ್ದೇನೆ. ಚಿಕ್ಕಂದಿನಲ್ಲಿ ಹತ್ತಿದ ರೋಗ. ಇವತ್ತು ಮೊಮ್ಮಕ್ಕಳ ಮದುವೆ ಊಟ ಉಂಡು ಕೂತಿದ್ದೇನೆ. ನನ್ನನ್ನು ನೋಡಿ "ಅಯ್ಯೋ ಪಾಪ" ಎಂದು ಲೊಚಗುಟ್ಟಿದವರಲ್ಲಿ ಎಷ್ಟೋ ಮಂದಿ ನನಗಿಂತ ಮೊದಲೇ ಗಂಟುಮೂಟೆ ಕಟ್ಟಿದರು. ಪಾಪ, ಒಳ್ಳೆಯ ಜನವೇ.

ನನ್ನ ತವರು ಸಿರುಗುಪ್ಪ. ಕಾಲುವೆ ನೀರಿನ ಗದ್ದೆಗಳ ಊರು. ಸುಗ್ಗಿಯಲ್ಲಿ ಕಣದ ಕಡೆಯಿಂದ ಗಾಳಿ ತಿರುಗಿತೆಂದರೆ ಊರೆಲ್ಲ ಭತ್ತದ ಹೊಟ್ಟಿನ ದೂಳು. ಆಗ ನನ್ನ ಎದೆಯೊಳಗೆ ಬೆಕ್ಕಿನ ಮರಿ ಸೇರಿಕೊಂಡ ಹಾಗೆ ಗೊರಗೊರ ಶುರುವಾಗುತ್ತಿತ್ತು. ನಮ್ಮವ್ವ ಗಾಬರಿಯಾಗುವ ಹೆಂಗಸಲ್ಲ. ಹಾಸಿಗೆಯನ್ನು ಸುರುಳಿ ಸುತ್ತಿ ನನ್ನ ಮುಂದಿಟ್ಟು, ಅದರ ಮೇಲೆ ಮೊಣಕೈ ಊರಿಸಿ, ಮುಂದಕ್ಕೆ ಬಾಗಿ ಕೂರಿಸುತ್ತಿದ್ದಳು. ಮಲಗಲು ಬಿಡುತ್ತಿರಲಿಲ್ಲ. ಒಲೆ ಊದುವ ಕೊಳವೆಯನ್ನು ನನ್ನ ಕೈಗೆ ಕೊಟ್ಟು, "ಒಳಗ ತೊಗೊಳ್ಳೋದರ ಚಿಂತಿ ಬಿಡು. ಸಾವಕಾಶ ಹೊರಗ ಊದು. ಹಳೇದು ಹೊರಗ ಹೋದ್ರ ಹೊಸದು ತಾನ ಒಳಗ ಬರ್ತದ" ಎನ್ನುತ್ತಿದ್ದಳು. ನಾನು ಊದುತ್ತಿದ್ದೆ. ಅವಳು ಪಕ್ಕದಲ್ಲಿ ಕೂತು ತೊಗರಿ ಆರಿಸುತ್ತಿದ್ದಳು. ಗೊರಗೊರ ಇಳಿದ ಮೇಲೆ ಶುಂಠಿ, ಹಿಪ್ಪಲಿ ಹಾಕಿದ ಬಿಸಿ ಕಷಾಯ, ಆಮೇಲೆ ಗಂಜಿ. ಅಷ್ಟೇ. ಅಳು, ದೃಷ್ಟಿ ತೆಗೆಯುವುದು, ಹರಕೆ ಯಾವುದೂ ಇರಲಿಲ್ಲ. ಹೀಗಾಗಿ ನನಗೆ ಈ ರೋಗದ ಮೇಲೆ ಸಿಟ್ಟು ಇತ್ತೇ ಹೊರತು ಹೆದರಿಕೆ ಇರಲಿಲ್ಲ.

ಮದುವೆಯ ಮಾತು ಬಂದಾಗ ಅಪ್ಪ ಮುಚ್ಚಿಡಲಿಲ್ಲ. "ನಮ್ಮ ಹುಡುಗಿಗೆ ಉಬ್ಬಸ ಅದರಿ. ಆಮ್ಯಾಲೆ ಮೋಸ ಮಾಡಿದ್ರು ಅನಬಾರದು" ಎಂದು ನೇರವಾಗಿ ಹೇಳಿಬಿಟ್ಟ. ಬಳ್ಳಾರಿಯಿಂದ ನನ್ನನ್ನು ನೋಡಲು ಬಂದಿದ್ದ ಅತ್ತೆಗೆ ಆಗಲೇ ಗಂಡ ತೀರಿಹೋಗಿದ್ದರು. ನಮ್ಮಲ್ಲಿ ಗಂಡ ಸತ್ತವರು ಉಡುವ ಕೆಂಪು ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನನ್ನನ್ನು ದಿಟ್ಟಿಸಿ ನೋಡಿದರು. "ನನ್ನ ಮಗಳಿಗೂ ಇತ್ತು. ಚೊಚ್ಚಲ ಬಾಣಂತನಕ್ಕ ಮನಿಗೆ ಬಂದಾಕಿ ಉಳೀಲಿಲ್ಲ. ಈಕಿನ್ನ ನಾ ಉಳಿಸ್ಕೋತೀನಿ" ಎಂದರು. ಅವರ ಕಣ್ಣಲ್ಲಿ ನೀರು ಇರಲಿಲ್ಲ. ನನಗೆ ಆ ಹೆಂಗಸು ಆ ಕ್ಷಣವೇ ಹಿಡಿಸಿದರು. ಅಯ್ಯೋ ಪಾಪ ಎನ್ನಲಿಲ್ಲವಲ್ಲ!

ಬಳ್ಳಾರಿಯಲ್ಲಿ ನಮ್ಮ ಮನೆ ಕೋಟೆ ಗುಡ್ಡದ ಕೆಳಗಿನ ಓಣಿಯಲ್ಲಿತ್ತು. ಊರಿಗೆ ರೈಲು ಬಂದು ಕೆಲವು ವರ್ಷಗಳಾಗಿದ್ದವು. ಹತ್ತಿ ತುಂಬಿದ ಬಂಡಿಗಳು ಹಿತ್ತಿಲ ಹಿಂದಿನ ದಾರಿಯಲ್ಲಿ ಒಂದರ ಹಿಂದೆ ಒಂದು ಹೋಗುತ್ತಿದ್ದವು. ಸೀರೆ ಒಣಹಾಕಿದರೆ ಸಂಜೆಗೆ ಅದರ ತುಂಬ ಹತ್ತಿಯ ಎಳೆ. ನಮ್ಮ ಮನೆಯವರು ಕಲೆಕ್ಟರ ಕಚೇರಿಯಲ್ಲಿ ಗುಮಾಸ್ತರು. ಇಡೀ ದಿನದ ಮಾತನ್ನು ಕಚೇರಿಯಲ್ಲೇ ಬರೆದು ಮುಗಿಸಿ ಬಂದವರ ಹಾಗೆ ಮನೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ನಾನು ಹತ್ತು ಮಾತಾಡಿದರೆ "ಹೂಂ" ಎನ್ನುವರು. ಆದರೆ ಆ ಹೂಂಕಾರದಲ್ಲೂ ಬಗೆ ಬಗೆ ಇತ್ತು, ನಾನು ಬೇಗ ಕಲಿತುಕೊಂಡೆ.

ನಮ್ಮ ಮನೆಗಳಲ್ಲಿ ಮಡಿ ಉಟ್ಟೇ ಅಡಿಗೆ ಮಾಡಬೇಕು. ಹಿಂದಿನ ದಿನ ಒಗೆದು, ಯಾರ ಕೈಯೂ ತಾಕದಂತೆ ಎತ್ತರದ ಗಳದ ಮೇಲೆ ಹರವಿದ ನೂಲಿನ ಸೀರೆಯನ್ನು ಸ್ನಾನವಾದ ಮೇಲೆ ಕೋಲಿನಿಂದ ಎಳೆದುಕೊಂಡು ಉಡಬೇಕು. ಅದು ಒಣಗದಿದ್ದರೆ ಒದ್ದೆಯನ್ನೇ ಉಡಬೇಕು. ಇದಕ್ಕೆ ಬದಲು ಇನ್ನೊಂದು ದಾರಿ ಧಾಬಳಿ. ಅದು ಉಣ್ಣೆಯ ಬಟ್ಟೆ. ಉಣ್ಣೆಗೆ ಮೈಲಿಗೆ ಹತ್ತುವುದಿಲ್ಲ ಎಂದು ಹಿರಿಯರು ಹೇಳಿಬಿಟ್ಟಿದ್ದಾರೆ. ಹಾಗಾಗಿ ಧಾಬಳಿಯನ್ನು ದಿನಾ ಒಗೆಯಬೇಕಿಲ್ಲ. ನಿಜ ಹೇಳಬೇಕೆಂದರೆ ಯಾರೂ ಒಗೆಯುವುದೇ ಇಲ್ಲ. ಬಿಚ್ಚಿ ಗೂಟಕ್ಕೆ ಹಾಕಿದರೆ ಮಾರನೆಯ ದಿನ ಮತ್ತೆ ಮಡಿ.

ನಾನು ಮನೆ ತುಂಬಿದ ಮೊದಲ ದಿನಗಳಲ್ಲೇ ಅತ್ತೆ ಮರದ ಪೆಟ್ಟಿಗೆ ತೆಗೆದು, ಬೇವಿನ ಎಲೆಗಳ ನಡುವಿನಿಂದ ಒಂದು ಧಾಬಳಿಯನ್ನು ಎತ್ತಿ ನನ್ನ ತೋಳಿನ ಮೇಲೆ ಹಾಕಿದರು. "ಇದು ನನ್ನ ಮಗಳದು. ನೀ ಒದ್ದಿ ಸೀರಿ ಮೈಗೆ ಹಚ್ಚಬ್ಯಾಡ. ಥಂಡಿ ಏರಿತಂದ್ರ ನಿನ್ನ ಎದಿ ಹಿಡೀತದ. ದಿನಾ ಇದನ್ನ ಉಟ್ಕೋ." ಸತ್ತ ನಾದಿನಿಯ ಬಟ್ಟೆ ಎಂದು ಬೇರೆಯವರಾಗಿದ್ದರೆ ಅಂಜುತ್ತಿದ್ದರೇನೋ. ನನಗೆ ಮಾತ್ರ ಹೆಮ್ಮೆಯಾಯಿತು. ಬೆಚ್ಚಗಿತ್ತು, ಚುಚ್ಚುತ್ತಿತ್ತು, ಹಳೆಯ ಪೆಟ್ಟಿಗೆಯ ವಾಸನೆ ಬರುತ್ತಿತ್ತು. ಉಟ್ಟುಕೊಂಡು ಒಲೆ ಹೊತ್ತಿಸಿದೆ.

ಅಲ್ಲಿಂದ ಶುರುವಾಯಿತು ನೋಡಿ. ಸಿರುಗುಪ್ಪದಲ್ಲಿ ಸುಗ್ಗಿಗೊಮ್ಮೆ, ಮಳೆಗೊಮ್ಮೆ ಬರುತ್ತಿದ್ದ ಉಬ್ಬಸ ಇಲ್ಲಿ ಮನೆಯ ಅಳಿಯನ ಹಾಗೆ ಬಂದು ಕೂತಿತು. ಅನ್ನ ಬಸಿಯುವ ಹೊತ್ತಿಗೆ ಎದೆ ಬಿಗಿಯುವುದು, ಹುಳಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಗೊರಗೊರ. ನಾನು ಕಲ್ಲೊರಳಿನ ಮೇಲೆ ಕೈ ಊರಿ ನಿಂತು ಊದುಗೊಳವೆಯಲ್ಲಿ ಉಸಿರು ಬಿಡುತ್ತಾ ಅಡಿಗೆ ಮುಗಿಸುತ್ತಿದ್ದೆ. ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ನನ್ನ ಕೊರಳಿನ ಗುಳಿಯನ್ನೇ ನೋಡುತ್ತಿದ್ದರು. ಉಸಿರು ಎಳೆದಾಗಲೆಲ್ಲ ಅದು ಒಳಕ್ಕೆ ಹೋಗುತ್ತದೆ. ಅವರು ಅದನ್ನು ಮೊದಲೂ ನೋಡಿದ್ದರಲ್ಲ.

ಹತ್ತಿರದ ಮೋಕ ಎಂಬ ಊರಿನಿಂದ ವೈದ್ಯರು ಬಂದರು. ಅರ್ಧ ತೆಲುಗು, ಅರ್ಧ ಕನ್ನಡ. "ಏಮಮ್ಮಾ, ಊಪಿರಿ ಎಟ್ಲುಂದಿ?" ಎಂದು ಉಸಿರಿನ ಯೋಗಕ್ಷೇಮ ಕೇಳುತ್ತಲೇ ನಾಡಿ ಹಿಡಿಯುವರು. ಆಡುಸೋಗೆಯ ಕಷಾಯ ಕೊಟ್ಟರು, ಕೆಮ್ಮು ಸಡಿಲಾಯಿತು. ಅದೂ ಸಾಲದಾದಾಗ ಒಣಗಿಸಿದ ಉಮ್ಮತ್ತಿ ಎಲೆಯನ್ನು ಕೆಂಡದ ಮೇಲೆ ಚಿಟಿಕೆಯಷ್ಟು ಹಾಕಿ ಹೊಗೆ ಎಳೆಯಲು ಹೇಳಿದರು. ಮಡಿವಂತರ ಮನೆಯ ಸೊಸೆ ಹೊಗೆ ಎಳೆಯುವುದೇ! ಅತ್ತೆ ಒಂದು ಕ್ಷಣವೂ ಹಿಂದೆಮುಂದೆ ನೋಡಲಿಲ್ಲ. ನನ್ನನ್ನು ದನದ ಕೊಟ್ಟಿಗೆಯ ಹಿಂದೆ ಕೂರಿಸಿ, ತಾವು ಸೆರಗು ಅಗಲ ಮಾಡಿ ಅಡ್ಡ ನಿಂತರು. "ಎಳಿ ಲಗೂನ. ಆಚಿ ಮನಿಯಾಕಿ ಬಂದ್ರ ದನಕ್ಕ ಹೊಗಿ ಹಾಕ್ಲಿಕ್ಕೆ ಹತ್ತೀವಿ ಅಂತೀನಿ" ಎಂದರು. ನನಗೆ ನಗು, ಕೆಮ್ಮು ಒಟ್ಟಿಗೇ ಬಂದವು. ಎದೆಯೇನೋ ಬಿಚ್ಚಿತು, ಆದರೆ ಬಾಯಿ ಒಣಗಿ, ಕಣ್ಣು ಮಂಜಾಗಿ, ದನ ಎರಡೆರಡಾಗಿ ಕಂಡವು. ಅದು ವಿಷವೇ ಸರಿ. ಇನ್ನು ಬೇಡ ಎಂದೆ.

ಮನೆಯಲ್ಲಿ ಎಲ್ಲರೂ ಒಂದೇ ಮಾತು: ಬಳ್ಳಾರಿಯ ಹತ್ತಿ ದೂಳು, ಒಲೆಯ ಹೊಗೆ. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ತಿಂಗಳಿಗೊಮ್ಮೆ ಹೊರಗೆ ಕೂರುವ ದಿನಗಳಲ್ಲಿ ನಾನು ಇರುತ್ತಿದ್ದುದು ಹಿತ್ತಿಲ ಕಟ್ಟೆಯ ಮೇಲೆ. ಹತ್ತಿ ಬಂಡಿಗಳು ಹೋಗುವ ದಾರಿ ಅಲ್ಲಿಗೆ ಮಾರು ದೂರ. ತಲೆಗೂದಲಲ್ಲಿ ಹತ್ತಿ, ಹುಬ್ಬಿನಲ್ಲಿ ಹತ್ತಿ. ಆದರೂ ಆ ದಿನಗಳಲ್ಲಿ ನನ್ನ ಉಸಿರು ಸರಾಗ! ಹಾಗಾದರೆ ಹತ್ತಿಯಲ್ಲ, ಅದು ಹೊಗೆಯೇ ಇರಬೇಕು ಎಂದುಕೊಂಡೆ. ಆ ದಿನಗಳಲ್ಲಿ ಒಲೆಯ ಹತ್ತಿರ ಹೋಗುವಂತಿರಲಿಲ್ಲವಲ್ಲ.

ಹೀಗೆ ವರ್ಷ ಕಳೆಯಿತು. ಒಂದು ದಿನ ಬೆಳಿಗ್ಗೆ ನನಗೆ ಬಹಳವೇ ಜೋರಾಗಿ ಬಂತು, ತುಟಿ ನೀಲಿಗಟ್ಟಿತಂತೆ. ಸುಧಾರಿಸಿಕೊಂಡು ಕಣ್ಣು ಬಿಟ್ಟಾಗ ಅತ್ತೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಅವತ್ತೇ ಸಿರುಗುಪ್ಪದ ಕಡೆ ಹೋಗುವ ಬಂಡಿಯವನ ಕೈಯಲ್ಲಿ ನಮ್ಮಪ್ಪನಿಗೆ ಹೇಳಿ ಕಳಿಸಿದರು: ಮುಂದಿನ ಹುಣ್ಣಿಮೆಯ ಹೊತ್ತಿಗೆ ಬಂದು ಮಗಳನ್ನು ಕರೆದುಕೊಂಡು ಹೋಗಿರಿ, ಆಕೆ ಅಲ್ಲೇ ಇರಲಿ.

ನನ್ನ ಮೈಯೆಲ್ಲ ಉರಿದುಹೋಯಿತು. "ಎಷ್ಟು ದಿನಕ್ಕರಿ ಅತ್ತಿ?" ಎಂದು ಕೇಳಿದೆ.

"ಯಾವಾಗಲೂ" ಎಂದರು. "ನಿನ್ನ ಗಂಡ ಆಗಾಗ ಬಂದು ಹೋಗ್ತಾನ."

"ನಾ ಏನ್ ತಪ್ಪು ಮಾಡೀನಿ?"

"ತಪ್ಪಿನ ಮಾತಲ್ಲ ಹುಡುಗಿ. ಒಬ್ಬಾಕಿನ್ನ ಈ ಕಣ್ಣಿಂದ ನೋಡಿ ಕಳಿಸೀನಿ. ಇನ್ನೊಬ್ಬಾಕಿನ್ನ ನೋಡೋ ಶಕ್ತಿ ನನಗಿಲ್ಲ. ನಿಮ್ಮವ್ವನ ಕಡಿ ಛಲೋ ಇರ್ತಿ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ತವರಿಗೆ ಹೋಗಿ ಕೂತವಳ ಗತಿ ನನಗೆ ಗೊತ್ತಿತ್ತು. ಗಂಡ ಆಗಾಗ ಬರುತ್ತಾನೆ, ಆಮೇಲೆ ವರ್ಷಕ್ಕೊಮ್ಮೆ ಬರುತ್ತಾನೆ, ಆಮೇಲೆ ನೆಂಟರು ಅವನಿಗೆ ಇನ್ನೊಂದು ಹೆಣ್ಣು ನೋಡುತ್ತಾರೆ. ನನಗೆ ಆ ಮನೆ ಬೇಕಿತ್ತು. ಹೂಂ ಎನ್ನುವ ಆ ಮನುಷ್ಯ ಬೇಕಿತ್ತು. ಕೊಟ್ಟಿಗೆಯ ಹಿಂದೆ ಸೆರಗು ಅಡ್ಡ ಹಿಡಿದ ಆ ಹೆಂಗಸೂ ಬೇಕಿತ್ತು. "ಏನರೆ ಹೇಳ್ರಿ" ಎಂದು ನಮ್ಮ ಮನೆಯವರ ಮೇಲೆ ಹರಿಹಾಯ್ದೆ. ಅವರು ನೆಲ ನೋಡುತ್ತಾ, "ಅಮ್ಮ ಅಂಜ್ಯಾಳ" ಎಂದರು. ಅವರ ಮಟ್ಟಿಗೆ ಅದು ದೊಡ್ಡ ಭಾಷಣವೇ.

ಹುಣ್ಣಿಮೆಗೆ ಮೊದಲು ಕುರುಗೋಡಿನಲ್ಲಿ ಅತ್ತೆಯ ತಮ್ಮನ ಮನೆಯಲ್ಲಿ ಮುಂಜಿ ಇತ್ತು. ಬೆಳಕು ಹರಿಯುವ ಮುಂಚೆ ಬಂಡಿ ಹತ್ತಿದೆವು. ಕುರುಗೋಡಿನ ಗುಡ್ಡ ಕಣ್ಣಿಗೆ ಬೀಳುವ ಹೊತ್ತಿಗೆ ಅತ್ತೆ ಗಂಟು ತಡಕಾಡಿ, ಎದೆ ಬಡಿದುಕೊಂಡರು. "ಅಯ್ಯ! ಧಾಬಳಿ ಗೂಟದಾಗ ಉಳೀತಲ್ಲೋ!"

"ತಿರುಗಸಾಕ ಆಗಂಗಿಲ್ರಿ ಅಮ್ಮಾರ, ಎತ್ತು ದಣದಾವ" ಎಂದ ಬಂಡಿ ಹೊಡೆಯುವವನು.

ಮುಂಜಿ ಮನೆಯೆಂದರೆ ಅಡಿಗೆಗೆ ಮಡಿ ಹೆಂಗಸರು ಬೇಕೇ ಬೇಕು. ಬಂದ ನೆಂಟರಲ್ಲಿ ಗಟ್ಟಿ ಕೈಯವಳು ನಾನೇ. ಅತ್ತೆ ಬೇಡ ಎನ್ನುವಷ್ಟರಲ್ಲಿ ನಾನು ಬಾವಿಯಲ್ಲಿ ಸ್ನಾನ ಮಾಡಿ, ಗಳದಿಂದ ಅರೆ ಒಣಗಿದ ನೂಲಿನ ಸೀರೆ ಎಳೆದು ಉಟ್ಟುಕೊಂಡೇಬಿಟ್ಟೆ. ಬೆನ್ನಿಗೆ ತಣ್ಣಗೆ ಅಂಟಿಕೊಂಡಿತು. "ಸಾಯ್ತೀ ನೀ, ಇವತ್ತ ಸಾಯ್ತೀ" ಎನ್ನುತ್ತಾ ಅತ್ತೆ ಅಡಿಗೆಮನೆಯ ಹೊಸ್ತಿಲ ಆಚೆ ಮಣೆ ಹಾಕಿಕೊಂಡು ಕೂತರು. ಒಳಗೆ ಸಾಲು ಒಲೆಗಳು, ಹಸಿ ಕಟ್ಟಿಗೆ, ಕಣ್ಣು ಬಿಡಲಾಗದಷ್ಟು ಹೊಗೆ. ಹೋಳಿಗೆ ತಟ್ಟಿದೆ, ಸಾರು ಕುದಿಸಿದೆ, ಬಡಿಸುವವರಿಗೆಲ್ಲ ಬೈದೆ. ಕಣ್ಣು, ಮೂಗು ಸುರಿದವು. ಎದೆ ಮಾತ್ರ ಸದ್ದೇ ಮಾಡಲಿಲ್ಲ! ಊಟ ಮುಗಿದು ಎಲೆ ಎತ್ತಿದ ಮೇಲೆ ನೋಡುತ್ತೇನೆ, ಅತ್ತೆ ಇನ್ನೂ ಉಪವಾಸ, ಇನ್ನೂ ನನ್ನ ಕೊರಳನ್ನೇ ನೋಡುತ್ತಾ ಕೂತಿದ್ದಾರೆ.

"ಈ ಊರಿನ ಗಾಳಿ ಛಲೋ ಅದ" ಎಂದರು ಕೊನೆಗೆ. ನೆಂಟರೊಬ್ಬರು, "ಎಲ್ಲಾ ನಮ್ಮ ದೊಡ್ಡ ಬಸವಣ್ಣನ ಮಹಿಮಾರಿ" ಎಂದರು. ಅತ್ತೆ ಗಟ್ಟಿ ವೈಷ್ಣವರು. "ಗಾಳಿ ಅಂದೆ ನಾ, ಗಾಳಿ" ಎಂದು ಮೂಗು ಮುರಿದರು.

ಬಳ್ಳಾರಿಗೆ ಮರಳಿದ ಮಾರನೆಯ ದಿನ ಸ್ನಾನ ಮುಗಿಸಿ, ಗೂಟದಿಂದ ಧಾಬಳಿ ತೆಗೆದು ಸುತ್ತಿಕೊಂಡೆ. ಒಲೆಗೆ ಇನ್ನೂ ಕೆಂಡ ಹಾಕಿರಲಿಲ್ಲ. ಸೆರಗು ಕೊಡವಿ ಹೆಗಲ ಮೇಲೆ ಹಾಕಿಕೊಂಡೆ ಅಷ್ಟೇ, ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ದೂಳು ಮೇಲೆದ್ದಿತು, ಎದೆ ಹಿಡಿಯಿತು. ಹೊಗೆ ಎಲ್ಲಿತ್ತು? ಒಲೆಯೇ ಹೊತ್ತಿರಲಿಲ್ಲ! ಅಲ್ಲೇ ನಿಂತು ನಾನು ಒಂದೊಂದಾಗಿ ಲೆಕ್ಕ ಹಾಕಿದೆ. ಹಿತ್ತಿಲ ಕಟ್ಟೆಯ ಮೇಲೆ ಕೂತ ದಿನ ಧಾಬಳಿ ಇಲ್ಲ, ಉಬ್ಬಸವೂ ಇಲ್ಲ. ಕುರುಗೋಡಿನಲ್ಲಿ ಧಾಬಳಿ ಇಲ್ಲ, ಉಬ್ಬಸವೂ ಇಲ್ಲ. ಸಿರುಗುಪ್ಪದಲ್ಲಿ ಧಾಬಳಿಯ ಮುಖವನ್ನೇ ಕಂಡಿರಲಿಲ್ಲ. ಎಂದೂ ನೀರು ಕಾಣದ ಆ ಉಣ್ಣೆಯಲ್ಲಿ ಎಷ್ಟು ವರ್ಷದ ದೂಳಿತ್ತೋ, ದಿನಾ ಅದನ್ನೇ ಮೈಗೆ ಸುತ್ತಿಕೊಂಡು ಎಲ್ಲೆಲ್ಲೋ ಕಳ್ಳನನ್ನು ಹುಡುಕುತ್ತಿದ್ದೆವು.

ಉಸಿರು ಬಂದಕೂಡಲೇ ಅತ್ತೆಗೆ ಹೇಳಿದೆ. ಅವರು ಕಿವಿ ಮುಚ್ಚಿಕೊಂಡರು. "ಧಾಬಳಿ ಅಂದ್ರ ಮಡಿ. ಮಡಿ ಬಟ್ಟಿಯಿಂದ ಯಾರಿಗಾದ್ರೂ ರೋಗ ಬಂದದ್ದು ಕೇಳೀಯೇನು? ತವರಿಗೆ ಹೋಗಲಿಕ್ಕೆ ಮನಸಿಲ್ಲ, ಅದಕ್ಕ ಏನರೆ ಹುಡುಕಿ ಹೇಳ್ತಿ" ಎಂದರು. ಮನಸ್ಸಿಲ್ಲದ್ದು ನಿಜ. ಆದರೆ ಹುಡುಕಿ ಹೇಳಿದ್ದಲ್ಲ. ನನಗೆ ಎಷ್ಟು ರೇಗಿತೆಂದರೆ, ಅವತ್ತು ಊಟ ಬಿಟ್ಟೆ. ಮನೆಯಲ್ಲಿ ಯಾರೂ ಅದನ್ನು ಗಮನಿಸಲಿಲ್ಲ ಎಂದು ಇನ್ನೂ ರೇಗಿತು.

ಹೇಳಿದ ದಿನಕ್ಕೆ ಸರಿಯಾಗಿ ಅಪ್ಪ ಬಂಡಿ ಕಟ್ಟಿಕೊಂಡು ಬಂದ. ಮುಖ ಬಾಡಿತ್ತು. ನನ್ನ ಪೆಟ್ಟಿಗೆಯನ್ನು ಅತ್ತೆ ಆಗಲೇ ಪಡಸಾಲೆಗೆ ತರಿಸಿಟ್ಟಿದ್ದರು. ನಮ್ಮ ಮನೆಯವರು ಕಚೇರಿಗೆ ಹೋಗದೆ ಕಂಬಕ್ಕೆ ಒರಗಿ ನಿಂತಿದ್ದರು. ಮೂರು ಜನ ಎದುರಿಗಿದ್ದರು, ನನಗೆ ಇದಕ್ಕಿಂತ ಒಳ್ಳೆಯ ಸಭೆ ಎಲ್ಲಿ ಸಿಗಬೇಕು? ಸ್ನಾನವಾಗಿತ್ತು. ನೇರ ಒಳಗೆ ಹೋಗಿ ಗೂಟದಿಂದ ಧಾಬಳಿ ಎಳೆದು ತಂದೆ. ಬೀದಿ ಬಾಗಿಲು ಹಾಕಿ ಅಗಳಿ ಜಡಿದೆ.

"ಅಪ್ಪಾ, ಇಲ್ಲಿ ಒಲಿ ಇಲ್ಲ. ಹತ್ತಿ ಇಲ್ಲ, ಬಾಗಿಲಾ ಹಾಕೀನಿ. ಬೆಳಿಗ್ಗಿಂದ ನನಗ ಉಬ್ಬಸ ಬಂದಿಲ್ಲ, ಹೌದಲ್ಲರಿ ಅತ್ತಿ? ಈಗ ನೋಡ್ರಿ ಎಲ್ಲಾರು" ಎಂದು ಧಾಬಳಿಯನ್ನು ತಲೆಯ ಮೇಲಿಂದ ಹೊದ್ದು, ಮೂಗು ಬಾಯಿಗೆ ಒತ್ತಿಕೊಂಡು ನೆಲದ ಮೇಲೆ ಕೂತೆ.

"ಏ, ಹುಚ್ಚಿ, ಏನ್ ಮಾಡ್ತಿ!" ಎಂದ ಅಪ್ಪ. ಮೊದಲು ಮೂಗು ಕೆರೆಯಿತು, ಸೀನು ಬಂತು. ಆಮೇಲೆ ಎದೆಯ ಬುಡದಿಂದ ಗೊರಗೊರ ಮೇಲೇರಿತು. ಇಷ್ಟು ಬೇಗ ಏರುತ್ತದೆಂದು ನನಗೂ ಗೊತ್ತಿರಲಿಲ್ಲ. ಬಿಡಲಿಲ್ಲ ನಾನು. ಇನ್ನೂ ಒತ್ತಿ ಹಿಡಿದೆ. ಉಸಿರು ಒಳಗೂ ಬಾರದೆ ಹೊರಗೂ ಹೋಗದೆ ನಿಂತಾಗ ಧಾಬಳಿ ನನ್ನ ಮೇಲಿಂದ ಹಾರಿಹೋಯಿತು. ಕಿತ್ತು ಎಳೆದವರು ಅತ್ತೆ. ಅವರ ಮುಖದಲ್ಲಿ ರಕ್ತವಿರಲಿಲ್ಲ. ಅಡಿಗೆಮನೆಗೆ ಎಂದೂ ಕಾಲಿಡದ ನಮ್ಮ ಮನೆಯವರು ಮಡಿ ಗಿಡಿ ನೋಡದೆ ಓಡಿಹೋಗಿ, ಊದುಗೊಳವೆ ತಂದು ನನ್ನ ಬಾಯಿಗಿಟ್ಟರು. "ಹೊರಗ ಊದು. ಸಾವಕಾಶ. ಹೊರಗ" ಎಂದರು. ಹೂಂ ಎನ್ನುತ್ತಾ ಇಷ್ಟು ದಿನ ಎಲ್ಲವನ್ನೂ ನೋಡಿ ಕಲಿತಿದ್ದರಲ್ಲ, ಕಳ್ಳ!

ಮಧ್ಯಾಹ್ನದ ಹೊತ್ತಿಗೆ ಎದೆ ಇಳಿಯಿತು. ಸುರುಳಿ ಹಾಸಿಗೆಯ ಮೇಲೆ ಬಾಗಿ ಕೂತು ಬಿಸಿ ಕಷಾಯ ಗುಟುಕರಿಸುತ್ತಿದ್ದೆ. ಗೆದ್ದೆನೆಂದು ಒಳಗೊಳಗೇ ಬೀಗುತ್ತಿದ್ದೆ. ಈಗ ಹೇಳಲಿ ನೋಡೋಣ ಇವರು, ಹುಡುಕಿ ಹೇಳ್ತಿ ಎಂದು!

ಅತ್ತೆ ಎದುರು ಕೂತಿದ್ದರು. ಧಾಬಳಿ ಅವರ ತೊಡೆಯ ಮೇಲಿತ್ತು. ಅದರ ಅಂಚನ್ನು ಬೆರಳಿನಿಂದ ತೀಡುತ್ತಾ, "ಆಕಿ ಬಾಣಂತನಕ್ಕ ಬಂದಾಗ ಉಬ್ಬಸ ಹೆಚ್ಚಾತು" ಎಂದರು. "ಥಂಡಿ ಹತ್ತಬಾರದು ಅಂತ ನಾನ ಇದನ್ನ ಹೊಚ್ಚಿದ್ದೆ. ಉಸಿರು ಹೆಚ್ಚಾದಂಗ ಇನ್ನಷ್ಟು ಬಿಗಿದು ಹೊಚ್ಚಿದೆ. ಕಡೀ ತನಕ ಇದರಾಗನ ಇದ್ದಳು."

ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಒಂದು ವರ್ಷ ಆ ಬಟ್ಟೆ ಉಟ್ಟಿದ್ದೇನೆ, ಯಾರದೆಂದು ಗೊತ್ತು, ಹೇಗೆ ಸತ್ತಳೆಂದು ಗೊತ್ತು. ನನ್ನ ಗೆಲುವಿನ ಆಚೆಗೆ ನೋಡಿರಲಿಲ್ಲ.

"ಹಂಗಾರ ಇದರಿಂದನ ಹೋದಳೇನು ಆಕಿ?" ಎಂದರು ಅತ್ತೆ.

"ಛೇ ಛೇ, ಇಲ್ಲರಿ ಅತ್ತಿ" ಎಂದೆ. "ಆಕೀದು ಬ್ಯಾರೆ. ಆಕೀದು ಬಾಣಂತಿ ರೋಗ. ಮೋಕದ ವೈದ್ಯರು ನನ್ನ ಮುಂದ ಹೇಳ್ಯಾರ, ಆಗ ನೋಡಿದ್ರಂತ, ಬಾಣಂತಿ ರೋಗನ ಅಂತ."

ಅವರು ತಲೆ ಎತ್ತಿ ನನ್ನನ್ನು ನೋಡಿದರು. ಹೆಣ್ಣು ನೋಡಲು ಬಂದಾಗ ನೋಡಿದ್ದಕ್ಕಿಂತ ಹೆಚ್ಚು ಹೊತ್ತು ನೋಡಿದರು.

"ಆ ವೈದ್ಯ ಆವಾಗ ಈ ಮನಿಗೆ ಕಾಲ ಇಟ್ಟಿರಲಿಲ್ಲ" ಎಂದರು. "ನಿನಗ ಸುಳ್ಳು ಹೇಳ್ಲಿಕ್ಕೆ ಬರೂದಿಲ್ಲ ಹುಡುಗಿ."

ಅವರು ಕಂಬದ ಹತ್ತಿರ ಕೂತಿದ್ದ ನಮ್ಮಪ್ಪನ ಕಡೆ ತಿರುಗಿ, "ಬೀಗರ, ಊಟ ಮಾಡಿ ಒಬ್ಬರ ಹೊರಡ್ರಿ. ನಿಮ್ಮ ಮಗಳು ಬರೂದಿಲ್ಲ. ಆಕಿ ನನ್ನ ಮನ್ಯಾಗ ಇರ್ತಾಳ" ಎಂದರು. ಅಪ್ಪ ಕಣ್ಣೊರೆಸಿಕೊಂಡು ಎತ್ತಿಗೆ ಮೇವು ಹಾಕುವ ನೆಪದಲ್ಲಿ ಎದ್ದುಹೋದ. ನಮ್ಮ ಮನೆಯವರು ನನ್ನ ಪೆಟ್ಟಿಗೆ ಎತ್ತಿಕೊಂಡು ಒಳಗೆ ಹೋದರು.

ಪಡಸಾಲೆಯಲ್ಲಿ ನಾವಿಬ್ಬರೇ ಉಳಿದೆವು. ಅತ್ತೆ ಸರಿದು ನನ್ನ ಹತ್ತಿರ ಬಂದು ಕೂತರು. ಮಡಿಯಲ್ಲಿದ್ದರು, ಆದರೂ ನನ್ನ ಕೈ ಹಿಡಿದುಕೊಂಡರು.

"ಇನ್ನೊಂದ ಸಲ ಹೇಳು" ಎಂದರು.

"ಏನರಿ ಅತ್ತಿ?"

"ಅದನ. ಬಾಣಂತಿ ರೋಗ ಅಂತ."

ನಾನು ಹೇಳಿದೆ. ಈ ಸಲ ಅವರ ಕಣ್ಣನ್ನೇ ನೋಡುತ್ತಾ, ಎಲ್ಲೂ ತಡವರಿಸದೆ ಹೇಳಿದೆ.